ಬ್ಯಾಸಗಿ ರಾತ್ರಿಗೆ ಬಸಿದ ಶಾವಿಗಿ

ಏಪ್ರಿಲ್ ಹೊತ್ತಿಗೆ ನವಲಗುಂದ, ಅಣ್ಣಿಗೇರಿ ಕಡೆ ಸಂಜೆ ಏಳಾದರೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಮಧ್ಯಾಹ್ನ 38 ಡಿಗ್ರಿ ಕಂಡ ದಿನ ರಾತ್ರಿ ಒಲೆ ಮುಂದೆ ಕೂತು ತಾಸುಗಟ್ಟಲೆ ರೊಟ್ಟಿ ಬಡಿಯುವುದು ಶಿಕ್ಷೆ. ಉಣ್ಣುವವರಿಗೂ ಬಿಸಿ ರೊಟ್ಟಿ, ಎಣ್ಣೆಗಾಯಿ ಬೇಡವಾಗಿರುತ್ತದೆ. "ಯವ್ವಾ, ತಣ್ಣಂದು ಏನರ ಮಾಡ" ಅಂತ ಹುಡುಗರು ಗಂಟು ಬೀಳುತ್ತವೆ. ಹೊಟ್ಟೆ ತುಂಬಬೇಕು, ಭಾರ ಆಗಬಾರದು, ಮುದುಕರಿಗೂ ಸಣ್ಣ ಹುಡುಗರಿಗೂ ಒಂದೇ ಅಡುಗೆ ನಡೆಯಬೇಕು. ಇದಕ್ಕೆ ಈ ಭಾಗದ ಮನೆಗಳಲ್ಲಿ ಸಿದ್ಧ ಉತ್ತರವೊಂದು ಡಬ್ಬಿಯಲ್ಲಿದೆ: ಶಾವಿಗಿ. ತಿಂಗಳ ಹಿಂದೆ ಬಿಸಿಲಿನಲ್ಲಿ ಮುಗಿಸಿಟ್ಟ ಕೆಲಸ ಇವತ್ತು ರಾತ್ರಿಯ ಒಲೆಯನ್ನು ಹದಿನೈದು ನಿಮಿಷಕ್ಕೆ ಇಳಿಸುತ್ತದೆ.

ಹುಬ್ಬಳ್ಳಿ ಅಂಗಡಿಗಳಿಂದ ಪಾಸ್ತಾ ಪಾಕೀಟುಗಳು ಹಳ್ಳಿಗೂ ಬಂದಿವೆ. ಮಕ್ಕಳಿಗೆ ಅದರ ಮೇಲೆ ಆಸೆ, ದೊಡ್ಡವರಿಗೆ ಅನುಮಾನ. ಆದರೆ ಗಟ್ಟಿ ಗೋಧಿಯ ರವೆ ನಾದಿ, ಅಚ್ಚಿನಿಂದ ಒತ್ತಿ, ಒಣಗಿಸಿ, ಬೇಕಾದಾಗ ಕುದಿವ ನೀರಿಗೆ ಹಾಕಿ ಬಸಿಯುವ ಈ ಕೆಲಸ ಇಟಲಿಯಲ್ಲೂ ಕುಂದಗೋಳದಲ್ಲೂ ಒಂದೇ. ನೇಪಲ್ಸ್ ಹತ್ತಿರದ ಗ್ರಾನ್ಯಾನೋ ಎಂಬ ಊರಿನಲ್ಲಿ ನೂರು ವರ್ಷದ ಹಿಂದೆ ಬೀದಿಗುಂಟ ಕೋಲುಗಳ ಮೇಲೆ ಪಾಸ್ತಾ ಒಣಹಾಕುತ್ತಿದ್ದರು. ಅದರ ಹಳೆಯ ಫೋಟೊಗಳಿವೆ. ನಮ್ಮ ಓಣಿಯ ಅಕ್ಕಂದಿರಿಗೆ ತೋರಿಸಿದರೆ "ಇದೇನ, ನಾವ್ ಮಾಡೂದ ಐತೆಲ್ಲಾ" ಅಂದಾರು. ಆದ್ದರಿಂದ ಒಂದನ್ನು ಸರಿಯಾಗಿ ಬೇಯಿಸಲು ಬಂದರೆ ಇನ್ನೊಂದಕ್ಕೆ ಬೇರೆ ಪಾಠ ಬೇಕಿಲ್ಲ.

ಎಲ್ಲ ಗೋಧಿಯಲ್ಲೂ ಶಾವಿಗಿ ಆಗುವುದಿಲ್ಲ. ಚಪಾತಿಗೆ ಬರುವ ಉತ್ತರದ ಗೋಧಿ ಮೆತ್ತಗಿನದು. ಅದರ ಹಿಟ್ಟು ಎಳೆದರೆ ಮತ್ತೆ ಹಿಂದಕ್ಕೆ ಸೇದಿಕೊಳ್ಳುತ್ತದೆ, ಬೆಂದಾಗ ಬೇಗ ಮುದ್ದೆಯಾಗುತ್ತದೆ. ನಮ್ಮ ಎರಿಭೂಮಿಯಲ್ಲಿ ಹಿಂಗಾರಿಗೆ, ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಬೆಳೆಯುವ ಡ್ಯೂರಮ್ ಜಾತಿಯ ಗೋಧಿಯ ಕಥೆ ಬೇರೆ. ಬಿಜಗಾ ಹಳದಿ ಅದರಲ್ಲಿ ಹಳೆಯ ಹೆಸರು, ಅಂಗಡಿಯ ಬನ್ಸಿ ರವೆಯೂ ಈ ಜಾತಿಯದೇ. ಕಾಳು ಕಟ್ಟುವ ಹೊತ್ತಿಗೆ ನೆಲ ಆರುತ್ತ ಬಂದಿರುತ್ತದೆ, ಬಿಸಿಲು ಏರುತ್ತಿರುತ್ತದೆ. ಹಾಗಾಗಿ ಕಾಳು ಸಣ್ಣದು, ಪ್ರೋಟೀನು ಹೆಚ್ಚು. ಜಾತಿಯ ಗುಣದಿಂದಲೇ ಅದು ಗಾಜಿನಂತೆ ಗಟ್ಟಿ, ಹಳದಿ. ಕಡಿದರೆ ಹಲ್ಲಿಗೆ ಕಟ್ ಅನ್ನುತ್ತದೆ. ಒಡೆದರೆ ಹಿಟ್ಟಾಗುವ ಮೊದಲು ರವೆಯಾಗುತ್ತದೆ. ಇದರ ಹಿಟ್ಟಿನ ಅಂಟು ಎಳೆದ ಆಕಾರದಲ್ಲೇ ನಿಲ್ಲುತ್ತದೆ, ಬೇಯುವಾಗ ಒಳಗಿನ ಪಿಷ್ಟವನ್ನು ಬಲೆಯಂತೆ ಹಿಡಿದುಕೊಳ್ಳುತ್ತದೆ. ಎಳೆ ಎಳೆಯಾಗಿ ಬಿಡಿಬಿಡಿ ಬರುವ ಗುಟ್ಟು ಇಷ್ಟೇ.

ಸದಕ ಅಥವಾ ಜವೆ ಗೋಧಿ ಇನ್ನೊಂದು. ಇದರ ಸಿಪ್ಪೆ ರಾಶಿಯಲ್ಲಿ ಬಿಡುವುದಿಲ್ಲ, ಕುಟ್ಟಿಯೇ ತೆಗೆಯಬೇಕು. ಹುಗ್ಗಿ, ಮಾದಲಿಗೆ ಇದಕ್ಕೆ ಸಮನಿಲ್ಲ, ಶಾವಿಗಿಗೂ ಒಳ್ಳೆಯದು. ಹಳೆಯ ತಳಿಯ ಪೈರು ಎತ್ತರ ಬೆಳೆದು ಬಾಗಿ ಬೀಳುತ್ತಿತ್ತು. 1986ರಲ್ಲಿ ಆದ ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿಗಳನ್ನು ಕೊಟ್ಟಮೇಲೆ ಬೆಳೆಯುವವರಿಗೆ ಆ ಕಾಟ ಕಡಿಮೆಯಾಯಿತು.

ಸುಗ್ಗಿ ಮುಗಿದು ಕಾಳು ಮನೆಗೆ ಬಂದಮೇಲೆ, ಅಂದರೆ ಮಾರ್ಚ್ ಕೊನೆಯಿಂದ, ಶಾವಿಗಿ ದಿನಗಳು. ಗೋಧಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿ ಇಡುತ್ತಾರೆ. ಹೊಟ್ಟು ತೇವವಾಗಿ ನಾರಿನಂತಾಗುತ್ತದೆ, ಬೀಸುವಾಗ ಪುಡಿಯಾಗದೆ ದೊಡ್ಡ ತುಂಡಾಗಿ ಬೇರ್ಪಡುತ್ತದೆ. ಆಮೇಲೆ ಸಾಣಿಗಿ ಹಿಡಿದು ಹೊಟ್ಟು ತೆಗೆದರೆ ನುಣ್ಣನೆಯ ಹಳದಿ ರವೆ ಉಳಿಯುತ್ತದೆ. ಕಾರ್ಖಾನೆಯ ಹಿಟ್ಟಿನ ಗಿರಣಿಗಳೂ ಬೀಸುವ ಮೊದಲು ಹೀಗೇ ಗೋಧಿಯನ್ನು ತೇವ ಮಾಡಿ ಇಡುತ್ತವೆ. ಉಪ್ಪು ಹಾಕಿ ಬಿಗಿಯಾಗಿ ನಾದಿ ಒಂದಿಷ್ಟು ಹೊತ್ತು ಮುಚ್ಚಿಟ್ಟರೆ ರವೆ ನೀರು ಕುಡಿದು ಹದಕ್ಕೆ ಬರುತ್ತದೆ. ಮಣೆ ಮೇಲೆ ಅಂಗೈಯಿಂದ ಹೊಸೆದು ಕೂದಲೆಳೆಯಂಥ ಶಾವಿಗಿ ತೆಗೆಯುವವರು ಈಗ ವಯಸ್ಸಾದವರಷ್ಟೇ. ಉಳಿದವರು ಕೈಯಿಂದ ತಿರುಗಿಸುವ ಕಬ್ಬಿಣದ ಮಷೀನು ಇಲ್ಲವೇ ಊರಿನ ಕರೆಂಟ್ ಮಷೀನಿಗೆ ಹೋಗುತ್ತಾರೆ. ಹೊಸೆದದ್ದೇ ರುಚಿ ಎಂದು ಹಿರಿಯರು ಹೇಳುವುದರಲ್ಲಿ ಅರ್ಧ ನೆನಪಿನ ಪ್ರೀತಿ ಇದೆ. ಮಷೀನಿನ ಶಾವಿಗಿ ಕೆಟ್ಟದ್ದೇನಲ್ಲ, ಅಚ್ಚಿನ ತೂತು ಸಣ್ಣದಿರಲಿ, ರವೆಗೆ ಮೈದಾ ಬೆರೆಸದಿರಲಿ, ಸಾಕು.

ಒಣಗಿಸುವುದರಲ್ಲಿ ಮಾತ್ರ ಕಣ್ಣಿಡಬೇಕು. ನವಲಗುಂದದ ಕಡೆ ಮಣ್ಣಿನ ಮಾಳಿಗೆ ಮೇಲೆ, ಹಂಚಿನ ಮನೆಗಳ ಕಲಘಟಗಿಯಲ್ಲಿ ಅಂಗಳದ ಹೊರಸಿಗೆ ಕೋಲು ಅಡ್ಡ ಹಾಕಿ ಅದರ ಮೇಲೆ ನೇತುಬಿಡುತ್ತಾರೆ. ಎಳೆ ಸಣ್ಣದಾದಷ್ಟೂ ಒಳಗೂ ಹೊರಗೂ ಒಟ್ಟಿಗೆ ಒಣಗುತ್ತದೆ. ದಪ್ಪಗಿದ್ದರೆ ಮೇಲ್ಮೈ ಬೇಗ ಒಣಗಿ ಕುಗ್ಗಿ, ಒಳಗಿನ ಹಸಿ ಹಾಗೇ ಉಳಿದು, ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಅಂಥದು ಬೇಯಿಸುವಾಗ ತುಂಡುತುಂಡಾಗುತ್ತದೆ. ದಪ್ಪ ಎಳೆಯಾದರೆ ಬೆಳಗಿನ ಬಿಸಿಲು ತೋರಿಸಿ, ಮಧ್ಯಾಹ್ನ ಗಾಳಿಯಾಡುವ ನೆರಳಿಗೆ ತೆಗೆದು, ಸಂಜೆ ಮತ್ತೆ ಹರವುವುದು ಲೇಸು. ಗ್ರಾನ್ಯಾನೋದವರೂ ಮೊದಲು ಬಿಸಿಲು, ನಡುವೆ ತಂಪು ನೆಲಮಾಳಿಗೆ, ಮತ್ತೆ ಗಾಳಿ ಎಂದು ಇದೇ ಕ್ರಮ ಹಿಡಿದಿದ್ದರು. ಅವರ ದೇಶದ ಕಾನೂನಿನಂತೆ ಒಣ ಪಾಸ್ತಾದಲ್ಲಿ ನೀರಿನಂಶ ನೂರಕ್ಕೆ 12.5 ಮೀರಬಾರದು. ನಮ್ಮಲ್ಲಿ ಅಳೆಯುವ ಸಾಧನ ಬೇಡ. ಒಂದು ಎಳೆ ಬಾಗಿಸಿ ನೋಡಿ: ಬಾಗಿದರೆ ಇನ್ನೂ ಹಸಿ, ಟಕ್ ಎಂದು ಮುರಿದರೆ ಡಬ್ಬಿಗೆ ಸಿದ್ಧ.

ಇನ್ನು ರಾತ್ರಿಯ ಅಡುಗೆ. ಐದು ಮಂದಿಗೆ ಮುನ್ನೂರು ಗ್ರಾಂ ಶಾವಿಗಿ, ಎರಡೂವರೆ-ಮೂರು ಲೀಟರ್ ನೀರು. ಬೋಗುಣಿಗೆ ಮುಚ್ಚಳ ಹಾಕಿ ನೀರು ಕಾಯಿಸಿ, ಬೇಗ ಕುದಿಯುತ್ತದೆ, ಗ್ಯಾಸೂ ಉಳಿಯುತ್ತದೆ. ಖಾರದ ಅಡುಗೆಗಾದರೆ ಲೀಟರಿಗೆ ಒಂದು ಚಿಕ್ಕ ಚಮಚ ಉಪ್ಪು, ಸಿಹಿಗಾದರೆ ಬೇಡ, ಹಿಟ್ಟಿನಲ್ಲಿ ಹಾಕಿದ್ದೇ ಸಾಕು. ನೀರು ಕೊತಕೊತ ಕುದಿಯುವ ಮುನ್ನ ಶಾವಿಗಿ ಹಾಕುವುದೇ ಬಹಳ ಕಡೆ ಆಗುವ ಎಡವಟ್ಟು. ಅರೆಬಿಸಿ ನೀರಿನಲ್ಲಿ ಪ್ರೋಟೀನಿನ ಬಲೆ ಗಟ್ಟಿಯಾಗುವ ಮೊದಲೇ ಮೇಲಿನ ಪಿಷ್ಟ ಕರಗಿ ಎಳೆಗಳು ಒಂದಕ್ಕೊಂದು ಹತ್ತುತ್ತವೆ. ಕುದಿಯುವ ನೀರಿಗೆ ಹಾಕಿ, ಒಮ್ಮೆ ಕೆದಕಿ, ಮುಚ್ಚಳ ತೆಗೆದೇ ಇಡಿ. ಸಣ್ಣ ಶಾವಿಗಿಗೆ ಎರಡು-ಮೂರು ನಿಮಿಷ. ಎರಡನೇ ನಿಮಿಷಕ್ಕೇ ಒಂದು ಎಳೆ ತೆಗೆದು ಹೆಬ್ಬೆರಳು-ತೋರುಬೆರಳಿನ ನಡುವೆ ಒತ್ತಿ. ನಡುವೆ ಬಿಳಿ ಚುಕ್ಕೆಯಂತೆ ಗಟ್ಟಿ ಉಳಿದಿದ್ದರೆ ಇನ್ನೂ ಅರ್ಧ ನಿಮಿಷ. ಚುಕ್ಕೆ ಮಾಯವಾಗುವ ಹೊತ್ತಿಗೇ ತೂತಿನ ಬುಟ್ಟಿಗೆ ಸುರಿಯಿರಿ. ಬಸಿದಮೇಲೂ ತನ್ನ ಆವಿಯಲ್ಲೇ ಅದು ಬೇಯುತ್ತಿರುತ್ತದೆ.

ಬಸಿದದ್ದಕ್ಕೆ ತಣ್ಣೀರು ಹಾಕಬೇಕೋ ಬೇಡವೋ ಎಂಬ ಜಗಳ ಅತ್ತಿ-ಸೊಸೆ ನಡುವೆ ಮುಗಿಯುವಂಥದ್ದಲ್ಲ. ನನ್ನ ಮತ ಹೀಗೆ: ಮೊಸರು, ನಿಂಬೆಹಣ್ಣಿಗೆ ಒಂದು ತಂಬಿಗಿ ತಣ್ಣೀರು ಹಾಕಿ, ಬೇಯುವುದು ನಿಲ್ಲುತ್ತದೆ, ಲೋಳೆ ಹೋಗುತ್ತದೆ. ಬಿಸಿ ಹಾಲು, ಬೆಲ್ಲ, ತುಪ್ಪದ ಜೊತೆ ಉಣ್ಣುವುದಾದರೆ ಬೇಡ, ಮೇಲಿನ ಪಿಷ್ಟವೇ ತುಪ್ಪವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ನೀರಿಗೆ ತತ್ವಾರ ಇರುವ ಊರುಗಳಲ್ಲಿ ಬಸಿದ ನೀರನ್ನು ಚೆಲ್ಲುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ಬರಲೂಬಾರದು. ಒಂದಿಷ್ಟು ಸಾರಿಗೆ ಹಾಕಿದರೆ ಸಾರು ಮಂದವಾಗುತ್ತದೆ, ಉಳಿದದ್ದು ಆರಿದಮೇಲೆ ಎಮ್ಮೆಯ ಬಾನಿಗೆ.

ಈ ಬಸಿದ ಶಾವಿಗಿಗೆ ಬೇಸಿಗೆಯ ಅತ್ಯುತ್ತಮ ಜೋಡಿ ಮಾವಿನಹಣ್ಣಿನ ಶೀಕರಣಿ. ಧಾರವಾಡ, ಕಲಘಟಗಿ ಕಡೆಯ ಆಪೂಸ್ ಏಪ್ರಿಲ್ ಕೊನೆಗೆ, ಮೇ ತಿಂಗಳಿಗೆ ಸಂತೆಗೆ ಬರುತ್ತದೆ. ಪೂರ್ತಿ ಹಣ್ಣಾದದ್ದನ್ನು ಹಿಂಡಿ, ಕಾಯಿಸಿ ಆರಿಸಿದ ಹಾಲು ಬೆರೆಸಿ, ರುಚಿಗೆ ಬೆಲ್ಲ, ಯಾಲಕ್ಕಿ. ಹುಳಿಯಿರುವ ಜವಾರಿ ಮಾವಿಗೆ ಹಾಲು ಹಾಕಿದರೆ ಒಡೆಯುತ್ತದೆ, ಅದಕ್ಕೆ ನೀರೇ ಸೈ. ಒಲೆಯ ಮೇಲೆ ಶಾವಿಗಿ ಬಿಟ್ಟರೆ ಬೇರೇನೂ ಇಲ್ಲ. ಮಕ್ಕಳಿಗೆ ಇದೇ ಊಟ, ಮೇಲೊಂದು ಚಮಚ ತುಪ್ಪ.

ಸಿಹಿ ಬೇಡ ಎನ್ನುವ ಮನೆಗೆ ಮೊಸರು ಶಾವಿಗಿ. ಬುತ್ತಿಗೆ ಮಾಡುವ ಒಗ್ಗರಣೆಯೇ: ಸಾಸಿವೆ, ಜೀರಿಗೆ, ಕಡ್ಲಿಬ್ಯಾಳಿ, ಕರಿಬೇವು, ಹಸಿಮೆಣಸಿನಕಾಯಿ, ಸ್ವಲ್ಪ ಶುಂಠಿ. ಶಾವಿಗಿ ಪೂರ್ತಿ ಆರಿದಮೇಲೆ ಮೊಸರು ಹಾಕಿ; ಬಿಸಿ ಇರುವಾಗ ಹಾಕಿದರೆ ಮೊಸರು ಒಡೆದು ನೀರು ಬಿಡುತ್ತದೆ. ಉಣ್ಣಲು ತಡವಿದ್ದರೆ ಅರ್ಧ ಮೊಸರು, ಅರ್ಧ ಕಾಯಿಸಿ ಆರಿಸಿದ ಹಾಲು, ಹುಳಿ ಮುಂದೆ ಓಡುವುದಿಲ್ಲ. ಎಳೆ ಸೌತೆಕಾಯಿ ಕೊಚ್ಚಿ ಹಾಕುವುದಾದರೆ ಕೊನೆಗೆ, ತಾಟಿಗೆ ಬಡಿಸುವ ಮುನ್ನ. ಉಪ್ಪು ತಾಗಿದ ಸೌತೆಕಾಯಿ ನೀರೂಡಿ ಎಲ್ಲ ತೆಳ್ಳಗಾಗುತ್ತದೆ. ಮೊಸರು ಒಲ್ಲದವರಿಗೆ ಮಾವಿನಕಾಯಿ ತುರಿ, ಅರಿಷಿಣ, ಹುರಿದ ಶೇಂಗಾ ಹಾಕಿ ಚಿತ್ರಾನ್ನದ ರೀತಿ ಕಲಸಬಹುದು.

ಶಾವಿಗಿ ಒಂದರಿಂದಲೇ ಊಟ ಪೂರ್ತಿಯಾಗದು, ಅದು ಹೆಚ್ಚಾಗಿ ಪಿಷ್ಟವೇ. ಪಕ್ಕಕ್ಕೆ ಬೇಕಾದದ್ದು ಈ ನೆಲದಲ್ಲೇ ಇದೆ. ನೆನೆಸಿದ ಹೆಸರುಬ್ಯಾಳಿ ಕೋಸಂಬರಿಗೆ ಬೆಂಕಿಯೇ ಬೇಡ. ಮಡಕಿಕಾಳು ಮುಂಜಾನೆ ನೆನೆಸಿ, ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಈ ಸೆಕೆಯಲ್ಲಿ ಮರುದಿನಕ್ಕೆ ಮೊಳಕೆ. ಸಣ್ಣ ಹುಡುಗರಿಗೆ, ವಯಸ್ಸಾದವರಿಗೆ ಅದನ್ನು ಹಸಿ ಕೊಡದೆ ಐದು ನಿಮಿಷ ಬೇಯಿಸಿ ಉಸುಳಿ ಮಾಡುವುದು ಒಳ್ಳೆಯದು. ಅಂಚಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಿಂದಿನ ವಾರ ಮಾಡಿಟ್ಟ ಕಟಕ ರೊಟ್ಟಿ. ಅದೂ ಒಣಗಿಸಿದ ಅಡುಗೆಯೇ, ಅವತ್ತಿನ ಒಲೆಗೆ ಭಾರವಲ್ಲ. ಮುದುಕರಿಗೆ ಜೋಳದ ನುಚ್ಚು-ಮಜ್ಜಿಗೆ ಬೇಕೆನಿಸಿದರೆ ನುಚ್ಚನ್ನು ಬೆಳಗಿನ ತಂಪಿನಲ್ಲೇ ಕುದಿಸಿ ಆರಿಸಿಟ್ಟುಕೊಳ್ಳಬಹುದು. ಆದರೆ ಹತ್ತು ತಾಸು ಹೊರಗಿಡಬೇಡಿ, ಮಧ್ಯಾಹ್ನಕ್ಕೆ ಬಡಿಸಿ ಮುಗಿಸಿ ಅಥವಾ ಫ್ರಿಜ್ಜಿನಲ್ಲಿಡಿ.

ಪಾಕೀಟು ಪಾಸ್ತಾ ತರುವವರು ಹಿಂಬದಿಯ ಸಣ್ಣಕ್ಷರ ಓದಬೇಕು. ಡ್ಯೂರಮ್ ಗೋಧಿ ರವೆ ಎಂದಿದ್ದರೆ ಸರಿ. ಮೈದಾ ಮೊದಲ ಹೆಸರಾಗಿದ್ದರೆ ಕುದಿಸಿದ ನೀರು ಹಾಲಿನಂತೆ ಬೆಳ್ಳಗಾಗಿ, ಪಾಸ್ತಾ ಮೆತ್ತಗಾಗುವುದು ಖಚಿತ. ಬೇಯಿಸುವ ಕ್ರಮ ಶಾವಿಗಿಯದೇ, ಹೊತ್ತು ಮಾತ್ರ ಹೆಚ್ಚು, ಎಂಟರಿಂದ ಹನ್ನೆರಡು ನಿಮಿಷ. ಬಿಳಿ ಚುಕ್ಕೆಯ ಪರೀಕ್ಷೆ ಇದರಲ್ಲಿ ಇನ್ನೂ ಸ್ಪಷ್ಟ, ಒಂದನ್ನು ಕತ್ತರಿಸಿ ನೋಡಿದರಾಯಿತು. ಚೀಸು, ಕ್ರೀಮು ಹುಡುಕಿಕೊಂಡು ಹೋಗಬೇಕಿಲ್ಲ. ಬಸಿದು ತಣ್ಣಗೆ ಮಾಡಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಸೌತೆಕಾಯಿ, ಬೇಯಿಸಿದ ಕಡ್ಲಿಕಾಳು, ಒಂದು ಚಮಚ ಶೇಂಗಾ ಎಣ್ಣೆ, ನಿಂಬೆರಸ, ಕೊತ್ತಂಬರಿ ಹಾಕಿ ಕಲಸಿದರೆ ರೊಟ್ಟಿ ಪಕ್ಕಕ್ಕೂ ಹೊಂದುತ್ತದೆ. ಮಸಾಲೆ ಪುಡಿಯ ಚೀಟಿ ಪಾಕೀಟಿನಲ್ಲೇ ಬಂದಿದ್ದರೆ ಅದರಲ್ಲಿ ಉಪ್ಪೇ ಜಾಸ್ತಿ. ಅರ್ಧ ಹಾಕಿ, ಉಳಿದರ್ಧದ ಜಾಗಕ್ಕೆ ಮನೆಯ ಬ್ಯಾಡಗಿ ಮೆಣಸಿನ ಪುಡಿ.

ಬೆಂದ ಶಾವಿಗಿ, ಪಾಸ್ತಾ ಎರಡೂ ಈ ಸೆಕೆಗೆ ಬೇಗ ಕೆಡುತ್ತವೆ. ಎರಡು ತಾಸಿನೊಳಗೆ ಉಂಡು ಮುಗಿಸಿ. ಫ್ರಿಜ್ಜಿಲ್ಲದ ಮನೆಯಲ್ಲಿ ತಂಗಳು ಮಾಡುವ ಅಡುಗೆ ಇದಲ್ಲ. ಒಣ ಶಾವಿಗಿ ಮಾತ್ರ ವರ್ಷ ತಡೆಯುತ್ತದೆ. ಡಬ್ಬಿಗೆ ತುಂಬುವ ಮೊದಲು ಡಬ್ಬಿಯನ್ನೂ ಬಿಸಿಲಿಗಿಡಿ, ಶಾವಿಗಿ ಪೂರ್ತಿ ಆರಿದಮೇಲೆ ಮುಚ್ಚಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೆ ಬೆವತು ಬೂಸ್ಟು ಹಿಡಿಯುತ್ತದೆ. ಮೇ ತಿಂಗಳ ಅಡ್ಡಮಳೆ ಹೊಡೆದರೆ, ಅಥವಾ ಏನೂ ಆಗದಿದ್ದರೂ ಮಿರಗ ಕೂಡುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ, ಒಂದು ದಿನ ಮತ್ತೆ ಹರವಿ ಬಿಸಿಲು ತೋರಿಸಿ. ಡಬ್ಬಿ ತಳದಲ್ಲಿ ಉಳಿಯುವ ಪುಡಿ ಶಾವಿಗಿ ಬಸಿಯುವುದಕ್ಕೆ ಬರುವುದಿಲ್ಲ, ಅದನ್ನು ತುಪ್ಪದಲ್ಲಿ ಹುರಿದು ಉಪ್ಪಿಟ್ಟಿಗೋ ಪಾಯಸಕ್ಕೋ ಹಾಕಿ.