ಕಿಸೆಗೆ ಒಪ್ಪುವ ಕ್ಯಾಮರಾ



ಛಾಯಾಚಿತ್ರವನ್ನು ತೆಗೆಯುವ ಯಂತ್ರ ಇಂದು ನಮ್ಮ ನಾಡಿನಲ್ಲಿ ದುರ್ಲಭವಾದ ವಸ್ತುವಲ್ಲ. ಮೊಬೈಲ್ ಫೋನು ಇರುವವರೆಲ್ಲರ ಕೈಯಲ್ಲಿಯೂ ಕ್ಯಾಮರಾ ಇದೆ. ಹೀಗಿದ್ದರೂ ಬೀದಿಯ ನೋಟಗಳನ್ನು, ಪ್ರವಾಸದ ದೃಶ್ಯಗಳನ್ನು, ದಿನನಿತ್ಯದ ಬಾಳನ್ನು ಮನವಿಟ್ಟು ಚಿತ್ರಿಸಬೇಕೆಂಬ ಹಂಬಲವುಳ್ಳವರು, ‘ಚಿಕ್ಕದೊಂದು ಕ್ಯಾಮರಾವನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳಲಿ?’ ಎಂದು ಕೇಳುವುದುಂಟು. ಅಂಗಡಿಯವರು ಇದಕ್ಕೆ ಉತ್ತರವಾಗಿ ಅಂಕಿಗಳ ಉದ್ದನೆಯ ಪಟ್ಟಿಯನ್ನು ಮುಂದಿಡುತ್ತಾರೆ. ಆ ಅಂಕಿಗಳಲ್ಲಿ ತನಗೆ ಬೇಕಾದುದು ಯಾವುದು, ಬೇಡದ್ದು ಯಾವುದು ಎಂಬ ವಿವೇಚನೆಯಿಲ್ಲದೆ ಕೊಂಡ ಯಂತ್ರ ಕೆಲವು ತಿಂಗಳಲ್ಲಿ ಬೀರುವನ್ನು ಸೇರುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ಅಂಗಡಿಯಲ್ಲಿ ಹುಡುಕುವುದಕ್ಕಿಂತ ನಾವು ತಿರುಗಾಡುವ ನೆಲದಲ್ಲಿ ಹುಡುಕುವುದು ಲೇಸು. ಆದಕಾರಣ ತುಮಕೂರು ಜಿಲ್ಲೆಯ ಸಿದ್ದರಬೆಟ್ಟವನ್ನೂ ಅದರ ಸುತ್ತಣ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಗಳನ್ನೂ ಒರೆಗಲ್ಲಾಗಿ ಇಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಮೊದಲು ಗಾತ್ರದ ಮಾತು. ಕ್ಯಾಮರಾದ ಗಾತ್ರ ಬರಿಯ ಅನುಕೂಲದ ಸಂಗತಿಯಲ್ಲ. ಯಾವುದರ ಚಿತ್ರವನ್ನು ತೆಗೆಯಬಹುದೆಂಬುದನ್ನೇ ಅದು ನಿಶ್ಚಯಿಸುತ್ತದೆ. ಲಿನೀಯಸ್ ಟ್ರೈಪ್ ಎಂಬ ಆಂಗ್ಲ ಸೇನಾಧಿಕಾರಿ 1854ರಲ್ಲಿ ಹಳೇಬೀಡು ಬೇಲೂರುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ಮುಕ್ಕಾಲಿಯ ಮೇಲೆ ನಿಲ್ಲಿಸಬೇಕಾದ ದೊಡ್ಡ ಪೆಟ್ಟಿಗೆ, ಬಹಳ ಹೊತ್ತು ಬೆಳಕಿಗೆ ಒಡ್ಡಬೇಕಾದ ಕಾಗದದ ನೆಗೆಟಿವ್—ಇಂತಹ ಸಲಕರಣೆಗಳ ಮುಂದೆ ಅಲುಗದೆ ನಿಲ್ಲಬಲ್ಲವು ಕಲ್ಲಿನ ಕಂಬಗಳೇ ಹೊರತು ನಡೆದಾಡುವ ಜನರಲ್ಲ. ಬೀದಿಯ ಚಿತ್ರ ಹುಟ್ಟಬೇಕಾದರೆ ಕ್ಯಾಮರಾ ಚಿಕ್ಕದಾಗಬೇಕಾಗಿತ್ತು. ಜರ್ಮನಿಯ ವೆಟ್ಸ್‌ಲರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಲ್ಲಿದ್ದ ಓಸ್ಕರ್ ಬಾರ್ನಾಕ್ ಉಬ್ಬಸದ ರೋಗಿ. ಭಾರವಾದ ಯಂತ್ರವನ್ನು ಹೊತ್ತು ಗುಡ್ಡಗಾಡುಗಳಲ್ಲಿ ತಿರುಗುವುದು ಆತನಿಗೆ ಆಗದ ಕೆಲಸವಾಗಿತ್ತು. ಸಿನಿಮಾ ಫಿಲ್ಮನ್ನೇ ಬಳಸಿ, 36 ಮಿಲಿಮೀಟರ್ ಅಗಲ 24 ಮಿಲಿಮೀಟರ್ ಎತ್ತರದ ಚಿತ್ರವನ್ನು ಕೊಡುವ ಪುಟ್ಟ ಕ್ಯಾಮರಾವನ್ನು ಆತ ರಚಿಸಿದನು. ‘ಲೈಕಾ’ ಎಂಬ ಹೆಸರಿನಿಂದ ಅದು 1925ರಲ್ಲಿ ಮಾರಾಟಕ್ಕೆ ಬಂದಿತು. ಅಲ್ಲಿಂದ ಮುಂದೆ ಛಾಯಾಗ್ರಾಹಕನು ಜನರ ನಡುವೆ ತಾನೂ ಒಬ್ಬನಾಗಿ ನಡೆಯುವುದು ಸಾಧ್ಯವಾಯಿತು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಟಿ. ಎಸ್. ಸತ್ಯನ್ ಅವರು ನಮ್ಮ ಸಾಮಾನ್ಯ ಜನರ ಬಾಳನ್ನು ಚಿತ್ರಿಸಿ ಕೀರ್ತಿವಂತರಾದುದು ಈ ಪರಂಪರೆಯಲ್ಲಿಯೇ.

ಚಿಕ್ಕ ಕ್ಯಾಮರಾದ ಬೆಲೆಯನ್ನು ಅರಿಯಬೇಕಾದರೆ ಮಧುಗಿರಿಯ ಕೋಟೆಯನ್ನು ಹತ್ತಿ ನೋಡಬೇಕು. ಏಕಶಿಲೆಯ ಆ ಬೆಟ್ಟದ ತಲೆ ಸಮುದ್ರಮಟ್ಟದಿಂದ 3,900 ಅಡಿಗೂ ಮೇಲಿದೆ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಕಡಿದಾಗುತ್ತ ಹೋದಂತೆ ಕಂಬಿಯನ್ನು ಹಿಡಿಯುವುದಕ್ಕೆ ಕೈಗಳು ಬಿಡುವಾಗಿರಬೇಕು. ಕೊರಳಲ್ಲಿ ತೂಗಾಡುವ ಒಂದು ಸೇರಿನ ಯಂತ್ರ ಅಲ್ಲಿ ಬಂಡೆಗೆ ತಗುಲುವುದು ಮಾತ್ರವಲ್ಲ, ಹತ್ತುವವನ ಸಮತೋಲಕ್ಕೂ ಕೇಡು ತರುತ್ತದೆ. ಆದುದರಿಂದ ಮೊದಲನೆಯ ಪರೀಕ್ಷೆ ಇದು: ಅಂಗಡಿಯಲ್ಲಿ ಕ್ಯಾಮರಾವನ್ನು ಕಿಸೆಯಲ್ಲಿ ಇಟ್ಟುಕೊಳ್ಳಿ, ಒಂದೇ ಕೈಯಿಂದ ಹೊರಗೆ ತೆಗೆದು, ಅದೇ ಕೈಯಿಂದ ಚಾಲೂ ಮಾಡಿ ಒಂದು ಚಿತ್ರವನ್ನು ತೆಗೆಯಿರಿ. ಇದು ಸಲೀಸಾಗದಿದ್ದರೆ ಆ ಯಂತ್ರದ ಮಿಕ್ಕ ಗುಣಗಳನ್ನು ವಿಚಾರಿಸುವ ಅಗತ್ಯವೇ ಇಲ್ಲ.

ಎರಡನೆಯದು ದೂರದ ವಿಚಾರ. ಮಸೂರಕ್ಕೆ 28, 35, 50, 200 ಎಂದು ಮಿಲಿಮೀಟರಿನ ಲೆಕ್ಕದಲ್ಲಿ ಹೇಳುವ ಸಂಖ್ಯೆಗಳು ಹೊಸಬರನ್ನು ಕಂಗೆಡಿಸುತ್ತವೆ. ಲೈಕಾದ ಫಿಲ್ಮಿನ ಅಳತೆಯನ್ನೇ ಮಾನವಾಗಿ ಹಿಡಿದು ಹೇಳುವ ಸಂಖ್ಯೆಗಳಿವು. ಇವನ್ನು ಹೆಜ್ಜೆಗಳಿಗೆ ಇಳಿಸಿದರೆ ತಾನಾಗಿ ತಿಳಿಯಾಗುತ್ತದೆ. ಕ್ಯಾಮರಾವನ್ನು ಅಡ್ಡಲಾಗಿ ಹಿಡಿದು, 6 ಅಡಿ ಎತ್ತರದ ಆಳನ್ನು ಅಡಿಯಿಂದ ಮುಡಿಯವರೆಗೆ ಚೌಕಟ್ಟು ತುಂಬುವಂತೆ ತೆಗೆಯಬೇಕಾದರೆ 28ರ ಮಸೂರಕ್ಕೆ ನಾವು 7 ಅಡಿ ದೂರದಲ್ಲಿರಬೇಕು. 35ಕ್ಕೆ ಸುಮಾರು 9 ಅಡಿ. 50ಕ್ಕೆ 12 ಅಡಿಗೆ ತುಸು ಹೆಚ್ಚು. 200ಕ್ಕೆ 50 ಅಡಿ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯ ನೂಕುನುಗ್ಗಲಿನಲ್ಲಿಯಾಗಲಿ ಶಿರಾ ಪಟ್ಟಣದ ಇಕ್ಕಟ್ಟಾದ ಅಂಗಡಿ ಬೀದಿಯಲ್ಲಿಯಾಗಲಿ ಹನ್ನೆರಡು ಅಡಿ ಹಿಂದೆ ಸರಿದರೆ ನಡುವೆ ಬೇರೆಯವರು ಬಂದು ನಿಲ್ಲುವುದು ಖಂಡಿತ. ಅಲ್ಲಿ 28 ಅಥವಾ 35ರ ಮಸೂರವೇ ಸರಿ. ಆದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿರುವ ಕೃಷ್ಣಮೃಗಗಳು ನಮ್ಮನ್ನು 50 ಅಡಿಗೂ ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳ ವಿಷಯವೂ ಹೆಚ್ಚು ಕಡಿಮೆ ಹಾಗೆಯೇ. ಇಂತಹ ವನ್ಯಜೀವಿಗಳ ಚಿತ್ರವೇ ಮುಖ್ಯವಾದವರು ಕಿರು ಕ್ಯಾಮರಾದ ಆಸೆಯನ್ನು ಬಿಡುವುದೇ ಮೇಲು. ಬೀದಿಯನ್ನೂ ಜಿಂಕೆಯನ್ನೂ ಸಮನಾಗಿ ಹಿಡಿಯಬಲ್ಲ ಯಂತ್ರ ಕಿಸೆಯಲ್ಲಿ ಹಿಡಿಯುವುದಿಲ್ಲ.

ಮೂರನೆಯದು ಬೆಳಕು. ಸಿದ್ದರಬೆಟ್ಟವನ್ನು ಹತ್ತುವಾಗ ಬರಿಯ ಬಂಡೆಗಳ ಮೇಲೆ ಕಣ್ಣು ಕುಕ್ಕುವ ಬಿಸಿಲು. ಸಿದ್ಧೇಶ್ವರನ ಗುಹೆಯನ್ನು ಹೊಕ್ಕೊಡನೆ ಮಸುಕು. ಇಂತಹ ಕಡೆಯಲ್ಲಿ ಯಂತ್ರದ ನಿಜವಾದ ಯೋಗ್ಯತೆ ಹೊರಬೀಳುತ್ತದೆ. ಫಿಲ್ಮಿನ ಸ್ಥಾನದಲ್ಲಿ ಈಗ ಸೆನ್ಸರ್ ಎಂಬ ಬೆಳಕು ಹಿಡಿಯುವ ಫಲಕವಿದೆ. ಅದನ್ನು ಮಳೆಯ ನೀರನ್ನು ಹಿಡಿಯುವ ಪಾತ್ರೆಗೆ ಹೋಲಿಸಬಹುದು. ಬಾಯಿ ಅಗಲವಾದಷ್ಟೂ ಸಿಕ್ಕುವ ನೀರು ಹೆಚ್ಚು. ಅಗ್ಗದ ಕಿರು ಕ್ಯಾಮರಾಗಳ ಫಲಕ ಸುಮಾರು 6.2 ಮಿಲಿಮೀಟರ್ ಅಗಲ 4.6 ಮಿಲಿಮೀಟರ್ ಎತ್ತರ, ಎಂದರೆ 28 ಚದರ ಮಿಲಿಮೀಟರ್. ‘ಒಂದು ಅಂಗುಲ’ ಎಂದು ಕರೆಯುವ ಬಗೆಯದು 13.2ಕ್ಕೆ 8.8, ಎಂದರೆ 116 ಚದರ ಮಿಲಿಮೀಟರ್. ಇದರ ಹೆಸರು ಹಳೆಯ ಟೆಲಿವಿಷನ್ ಕ್ಯಾಮರಾಗಳ ಕೊಳವೆಯ ಲೆಕ್ಕದಿಂದ ಬಂದುದು. ಫಲಕದ ಯಾವ ಬದಿಯೂ ಅಂಗುಲದಷ್ಟಿಲ್ಲ. ‘ಎಪಿಎಸ್-ಸಿ’ ಎಂಬ ಮೂರನೆಯ ಬಗೆ ಸುಮಾರು 23.5ಕ್ಕೆ 15.6, ಎಂದರೆ 367 ಚದರ ಮಿಲಿಮೀಟರ್. ಮೊದಲನೆಯದಕ್ಕೆ ಇದು ಹದಿಮೂರು ಪಾಲು ದೊಡ್ಡದು. ಅಂಗಡಿಯವರು ದೊಡ್ಡಕ್ಷರದಲ್ಲಿ ತೋರಿಸುವ ಮೆಗಾಪಿಕ್ಸೆಲುಗಳ ಸಂಖ್ಯೆಗಿಂತ, ಸಣ್ಣಕ್ಷರದಲ್ಲಿ ಅಡಗಿರುವ ಈ ಅಳತೆಯೇ ಮಂದಬೆಳಕಿನಲ್ಲಿ ನಮ್ಮನ್ನು ಕಾಯುವುದು.

ಮಸೂರದ ಬಾಯಿಯ ಅಗಲವನ್ನು ಎಫ್ 2, ಎಫ್ 2.8, ಎಫ್ 4 ಎಂದು ಸೂಚಿಸುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಬಾಯಿ ಅಗಲ. ಎಫ್ 4ಕ್ಕಿಂತ ಎಫ್ 2ರಲ್ಲಿ ನಾಲ್ಕು ಪಾಲು ಬೆಳಕು ಒಳಹೋಗುತ್ತದೆ. ಕೈನಡುಕವನ್ನು ಸರಿಪಡಿಸುವ ಏರ್ಪಾಡು ಈಗಿನ ಹಲವು ಕ್ಯಾಮರಾಗಳಲ್ಲಿ ಉಂಟು. ಗುಹೆಯ ಗೋಡೆಗೂ ಉರಿಯುವ ದೀಪಕ್ಕೂ ಅದು ಸಾಕು. ಆದರೆ ಮಂಗಳಾರತಿಯನ್ನು ಎತ್ತುವ ಕೈಯ ಚಲನೆಯನ್ನು ಅದು ನಿಲ್ಲಿಸಲಾರದು. ಅದಕ್ಕೆ ಬೇಕಾದುದು ಅಗಲವಾದ ಬಾಯಿ ಮತ್ತು ದೊಡ್ಡ ಫಲಕ. ಫ್ಲ್ಯಾಷ್ ದೀಪವನ್ನು ಇಂತಹ ಎಡೆಯಲ್ಲಿ ಬೆಳಗಿಸಕೂಡದು. ಭಕ್ತರಿಗೆ ಕಿರುಕುಳವಾಗುವುದಲ್ಲದೆ, ಯಾವ ದೀಪದ ಬೆಳಕಿನ ಸೊಗಸನ್ನು ಹಿಡಿಯಲು ಹೋದೆವೋ ಅದೇ ಮಾಯವಾಗುತ್ತದೆ.

ಬಿಸಿಲಿನ ತೊಂದರೆ ಬೇರೆ ಬಗೆಯದು. ನಡುಹಗಲಿನ ಬಂಡೆಯ ಮೇಲೆ ಕ್ಯಾಮರಾದ ಹಿಂದಣ ಪರದೆ ಕಾಣಿಸುವುದೇ ಇಲ್ಲ. ಬಯಲುಸೀಮೆಯಲ್ಲಿ ಹೆಚ್ಚಾಗಿ ತಿರುಗುವವರಿಗೆ ಕಣ್ಣನ್ನು ಒತ್ತಿಟ್ಟು ನೋಡುವ ಕಿಂಡಿಯುಳ್ಳ ಯಂತ್ರ ಮೇಲು. ಸಿದ್ದರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾದ ಸ್ಥಳವಾದುದರಿಂದ ಎಲೆ ಹೂಗಳನ್ನು ಹತ್ತಿರದಿಂದ ತೆಗೆಯುವ ಆಸೆಯೂ ಸಹಜ. ಅಂತಹವರು ಮಸೂರವು ಎಷ್ಟು ಸಮೀಪದ ವಸ್ತುವನ್ನು ಸ್ಫುಟವಾಗಿ ತೋರಿಸುವುದೆಂದು ವಿಚಾರಿಸಬೇಕು. ಇನ್ನು ಧೂಳು: ಮುಂದಕ್ಕೂ ಹಿಂದಕ್ಕೂ ಸರಿಯುವ ಮಸೂರ ಸಂದುಗಳ ಮೂಲಕ ಧೂಳನ್ನು ಒಳಗೆ ಸೆಳೆಯಬಲ್ಲದು. ಹಳೆಯ ಕ್ಯಾಮರಾವನ್ನು ಕೊಳ್ಳುವವರು ಎಫ್ 16ರಲ್ಲಿ ಬರಿಯ ಆಕಾಶದ ಚಿತ್ರವನ್ನು ತೆಗೆದು ನೋಡಲಿ. ಫಲಕದ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆಗಳಾಗಿ ಕಾಣಿಸುತ್ತದೆ.

ಈ ಒರೆಗಲ್ಲಿಗೆ ಮೂರು ಉದಾಹರಣೆಗಳನ್ನು ಉಜ್ಜಿ ನೋಡೋಣ. 2019ರಲ್ಲಿ ಬಂದ ರಿಕೋ ಜಿಆರ್ 3 ಎಂಬ ಯಂತ್ರದ ತೂಕ ಬ್ಯಾಟರಿಯೂ ಸೇರಿ 257 ಗ್ರಾಂ. ಎಪಿಎಸ್-ಸಿ ಫಲಕ, 28ರ ಸ್ಥಿರ ಮಸೂರ, ಎಫ್ 2.8ರ ಬಾಯಿ, ವಸ್ತುವಿಗೆ 6 ಸೆಂಟಿಮೀಟರಿನವರೆಗೂ ಸಮೀಪಿಸುವ ಶಕ್ತಿ. ಕಿಸೆಗೂ ಗುಹೆಗೂ ಗಿಡಮೂಲಿಕೆಗೂ ಇದು ಒಪ್ಪುತ್ತದೆ. ಆದರೆ ಇದಕ್ಕೆ ನೋಟದ ಕಿಂಡಿಯಿಲ್ಲ, ಧೂಳಿನ ತಡೆಯಿಲ್ಲ. ಒಂದು ಬ್ಯಾಟರಿಗೆ ಸುಮಾರು 200 ಚಿತ್ರಗಳಷ್ಟೆ. ಅದೇ ವರ್ಷದ ಸೋನಿ ಆರ್‌ಎಕ್ಸ್ 100ರ ಏಳನೆಯ ಆವೃತ್ತಿ 302 ಗ್ರಾಂ ತೂಗುತ್ತದೆ. 24ರಿಂದ 200ರವರೆಗೆ ಚಾಚುವ ಮಸೂರವೂ ಮೇಲೆದ್ದು ಬರುವ ಕಿಂಡಿಯೂ ಇದಕ್ಕುಂಟು. ಪ್ರವಾಸಿಗೆ ಒಳ್ಳೆಯ ಜೊತೆ. ಆದರೆ ಫಲಕ ಒಂದು ಅಂಗುಲದ ಬಗೆಯದು. ಮಸೂರವನ್ನು ಪೂರ್ತಿ ಚಾಚಿದಾಗ ಬಾಯಿ ಎಫ್ 4.5ಕ್ಕೆ ಕಿರಿದಾಗುತ್ತದೆ. 2024ರ ಫ್ಯೂಜಿಫಿಲ್ಮ್ ಎಕ್ಸ್ 100ರ ಆರನೆಯ ಆವೃತ್ತಿಗೆ ಎಪಿಎಸ್-ಸಿ ಫಲಕ, 35ರ ಸ್ಥಿರ ಮಸೂರ, ಎಫ್ 2ರ ಬಾಯಿ, ಸೊಗಸಾದ ಕಿಂಡಿ—ಎಲ್ಲವೂ ಉಂಟು. ಆದರೆ ತೂಕ 521 ಗ್ರಾಂ. ಅದು ಕೋಟಿನ ಕಿಸೆಗೆ ಸರಿ, ಅಂಗಿಯ ಕಿಸೆಗಲ್ಲ. ಹೀಗೆ ಪ್ರತಿಯೊಂದೂ ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಯಾವುದನ್ನು ಬಿಟ್ಟುಕೊಡಬಲ್ಲೆವೆಂದು ಮೊದಲು ನಿಶ್ಚಯಿಸಿಕೊಂಡರೆ ಆಯ್ಕೆ ಸುಲಭ.

ಹಾಗಾದರೆ ಫೋನಿನಿಂದಲೇ ಕೆಲಸ ಸಾಗದೆ? ಹಗಲಿನ ಬೆಳಕಿನಲ್ಲಿ ತೆಗೆದು ನಾಲ್ವರಿಗೆ ಕಳುಹಿಸುವುದಷ್ಟೇ ಉದ್ದೇಶವಾದರೆ ಧಾರಾಳವಾಗಿ ಸಾಗುತ್ತದೆ. ಅಂತಹವರು ಹಣವನ್ನು ಪ್ರವಾಸಕ್ಕೆ ಉಳಿಸಿಕೊಳ್ಳಲಿ. ಮಂದಬೆಳಕಿನಲ್ಲಿ ಚಲಿಸುವ ಜನರು, ಗೋಡೆಗೆ ತೂಗುಹಾಕುವಷ್ಟು ದೊಡ್ಡ ಪ್ರತಿ, ಚಿತ್ರ ತೆಗೆಯುವ ನಡುವೆ ಕರೆ ಬಂದು ಮನಸ್ಸು ಚದುರದಿರುವುದು—ಇವು ಬೇಕಾದವರಿಗೆ ಮಾತ್ರ ಬೇರೆ ಕ್ಯಾಮರಾ ಅಗತ್ಯ.

ಕೊನೆಯದಾಗಿ, ಕೊಂಡ ಯಂತ್ರವನ್ನು ಯಾವುದಕ್ಕೆ ಬಳಸಬೇಕೆಂಬ ವಿಚಾರ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ ಸೂರ್ಯಶಕ್ತಿಯ ಉದ್ಯಾನವಿದೆ. 2018ರಲ್ಲಿ ಉದ್ಘಾಟನೆಯಾದ ಅದು 2019ರ ಕೊನೆಯ ವೇಳೆಗೆ 2,050 ಮೆಗಾವಾಟ್ ವಿದ್ಯುತ್ತಿನ ಸ್ಥಾವರವಾಗಿ ಬೆಳೆಯಿತು. ರೈತರು ಗುತ್ತಿಗೆಗೆ ಕೊಟ್ಟ ಹೊಲಗಳಲ್ಲಿ ಇಂದು ಗಾಜಿನ ಹಲಗೆಗಳು ಸಾಲುಗಟ್ಟಿವೆ. ಇದು ಲೇಸೋ ಅಲ್ಲವೋ ಎಂಬುದು ಈ ಭಾಷಣದ ವಿಷಯವಲ್ಲ. ಆದರೆ ಆ ಹೊಲಗಳ ಬದು, ಕಣ, ಮರದ ನೆರಳು, ದನಗಳು ಮನೆಗೆ ಮರಳುವ ದಾರಿ—ಇವು ಹೇಗಿದ್ದುವೆಂದು ಮೊಮ್ಮಕ್ಕಳು ಕೇಳಿದರೆ ತೋರಿಸಲು ಎಷ್ಟು ಮನೆಗಳಲ್ಲಿ ಚಿತ್ರವಿದ್ದೀತು? ಮದುವೆಯ ಚಿತ್ರ ಇರುತ್ತದೆ, ದೇವಸ್ಥಾನದ ಚಿತ್ರ ಇರುತ್ತದೆ; ಸಾಮಾನ್ಯ ದಿನದ ಚಿತ್ರ ಇರುವುದಿಲ್ಲ. ಕಣ್ಣೆದುರಿಗೆ ನಿತ್ಯವೂ ಇರುವುದು ಎಂದೆಂದಿಗೂ ಇದ್ದೇ ಇರುತ್ತದೆಂಬ ಭರವಸೆಯಲ್ಲಿ ನಾವು ಅದನ್ನು ತೆಗೆಯುವುದಿಲ್ಲ. ಕಿಸೆಯ ಕ್ಯಾಮರಾದ ಸಾರ್ಥಕ್ಯ ಇಂತಹ ಸಾಮಾನ್ಯ ದಿನಗಳನ್ನು ಉಳಿಸುವುದರಲ್ಲಿದೆ.

ಆ ಕೆಲಸಕ್ಕೆ ಮರ್ಯಾದೆಯೂ ಬೇಕು. ಏಳು ಅಡಿಯ ದೂರ ಮಾತನಾಡುವ ದೂರ. ಅಷ್ಟು ಹತ್ತಿರ ಹೋದ ಮೇಲೆ ‘ಏನಜ್ಜಿ, ಒಂದು ಪಟ ತೆಗೆಯಲೇ?’ ಎಂದು ಕೇಳುವುದು ಕಷ್ಟವಲ್ಲ. ಬೇಡವೆಂದರೆ ಕ್ಯಾಮರಾ ಕಿಸೆಗೆ ಮರಳಬೇಕು. ಗರ್ಭಗುಡಿಯ ಚಿತ್ರಕ್ಕೆ ಅರ್ಚಕರ ಅಪ್ಪಣೆ, ಮಕ್ಕಳ ಚಿತ್ರಕ್ಕೆ ತಾಯ್ತಂದೆಗಳ ಒಪ್ಪಿಗೆ ಅವಶ್ಯಕ. ತೆಗೆದ ಪಟದ ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಮುಂದಿನ ಸಲ ಹೋದಾಗ ಅವರ ಕೈಗೆ ಕೊಟ್ಟರೆ ಆ ಬೀದಿಯಲ್ಲಿ ನೀವು ಅಪರಿಚಿತರಾಗಿ ಉಳಿಯುವುದಿಲ್ಲ. ಚಿತ್ರದ ಹಿಂದೆ ಊರು, ತಾರೀಖು, ಸಂದರ್ಭಗಳನ್ನು ಬರೆದಿಡಿ. ಮೂಲಚಿತ್ರಗಳ ನಕಲುಗಳನ್ನು ಎರಡು ಬೇರೆ ಬೇರೆ ಕಡೆ ಕಾಪಾಡಿ.

ಕ್ಯಾಮರಾ ಹಗುರವಾಗಿರಲಿ, ಮಸೂರ ನೀವು ಬಳಸುವ ದೂರಕ್ಕೆ ತಕ್ಕುದಾಗಿರಲಿ, ಫಲಕ ನೀವು ಹೋಗುವ ಕತ್ತಲೆಗೆ ಸಾಲುವಂತಿರಲಿ. ಈ ಮೂರು ಒದಗಿದರೆ ಹೆಸರು ಯಾವುದಾದರೂ ಆಗಬಹುದು. ಉಳಿದುದು ನಿಮ್ಮ ಕಾಲ್ನಡಿಗೆಗೂ ಕಣ್ಣಿಗೂ ಸೇರಿದ್ದು.