ಐಜಿಎಂ, ಐಜಿಜಿ: ಡೆಂಗಿ ಚೀಟಿ ಓದುವುದು ಹೇಗೆ?

ಮಳೆ ಹಿಡಿಯಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಲ್ಯಾಬ್‌ಗಳ ಮುಂದೆ ಜ್ವರದವರ ಸಾಲು. ಕೈಗೆ ಸಿಗುವ ಡೆಂಗಿ ಚೀಟಿಯಲ್ಲಿ ಇರುವುದು ಮೂರೇ ಹೆಸರು: ಎನ್‌ಎಸ್‌-1, ಐಜಿಎಂ, ಐಜಿಜಿ. ‘ಐಜಿಎಂ ಬಂದರೆ ಹೊಸದು, ಐಜಿಜಿ ಬಂದರೆ ಹಳೇದು’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ನಿಜ.

ಎನ್‌ಎಸ್‌-1 ವೈರಸ್ಸಿನದೇ ಪ್ರೋಟೀನು. ಜ್ವರದ ಮೊದಲ ದಿನಗಳಲ್ಲೇ ರಕ್ತದಲ್ಲಿ ಸಿಗುತ್ತದೆ. ಉಳಿದೆರಡು ನಮ್ಮ ದೇಹ ತಯಾರಿಸುವ ಪ್ರತಿಕಾಯಗಳು. ಪ್ರತಿಕಾಯದ ಮೂಲ ರೂಪ ಕವೆಗೋಲಿನದು: ಎರಡು ಕವಲು ರೋಗಾಣುವನ್ನು ಹಿಡಿಯುತ್ತವೆ, ಹಿಡಿಯ ಭಾಗ ಮುಂದೇನು ಮಾಡಬೇಕೆಂದು ನಿರ್ಧರಿಸುತ್ತದೆ. ಆ ಹಿಡಿ ಐದು ಬಗೆ. ಹಾಗಾಗಿಯೇ ಐಜಿಎಂ, ಐಜಿಜಿ, ಐಜಿಎ, ಐಜಿಇ, ಐಜಿಡಿ ಎಂಬ ಐದು ವರ್ಗ. ಯಾವುದು ಯಾವಾಗ, ಎಲ್ಲಿ ಕೆಲಸ ಮಾಡುತ್ತದೆ ಎಂಬುದು ತಿಳಿದರೆ ಚೀಟಿಯೂ ಅರ್ಥವಾಗುತ್ತದೆ.

ಮೊದಲು ಬರುವುದು, ಉಳಿಯುವುದು

ಹೊಸ ರೋಗಾಣು ಹೊಕ್ಕಾಗ ಮೊದಲು ಬರುವುದು ಐಜಿಎಂ. ಐದು ಘಟಕ ಒಂದಾಗಿ ಸೇರಿದ ದೊಡ್ಡ ಅಣು ಇದು. ಹತ್ತು ಕಡೆ ಹಿಡಿಯಬಲ್ಲದು. ಡೆಂಗಿಯಲ್ಲಿ ಇದು ಕಾಣಿಸಿಕೊಳ್ಳುವುದು ಜ್ವರದ ನಾಲ್ಕೈದನೇ ದಿನದ ಹೊತ್ತಿಗೆ. ಎರಡನೇ ದಿನವೇ ಪರೀಕ್ಷೆ ಮಾಡಿಸಿ ಐಜಿಎಂ ನೆಗೆಟಿವ್ ಬಂತೆಂದು ನಿಶ್ಚಿಂತರಾಗುವಂತಿಲ್ಲ. ಇನ್ನೊಂದು ಕಡೆ, ಇದು ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯಬಹುದು. ಹೋದ ತಿಂಗಳ ಡೆಂಗಿಯ ಐಜಿಎಂ ಈ ತಿಂಗಳ ಬೇರೆ ಜ್ವರದ ಚೀಟಿಯಲ್ಲಿ ಪಾಸಿಟಿವ್ ಆಗಿ ಕಂಡರೆ ಆಶ್ಚರ್ಯವಿಲ್ಲ.

ಐಜಿಜಿ ತಡವಾಗಿ ಬಂದು ಬಹುಕಾಲ ಇರುತ್ತದೆ. ರಕ್ತದ ಪ್ರತಿಕಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದೇ. ಹಳೆಯ ಸೋಂಕಿನ ಗುರುತು ಎನ್ನುವುದು ಅದಕ್ಕೇ. ಆದರೆ ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಹಿಂದೆ ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ತಗುಲಿದರೆ ಐಜಿಜಿ ಮೊದಲ ದಿನಗಳಲ್ಲೇ ಭರದಿಂದ ಏರುತ್ತದೆ. ಹಳೆಯ ಪ್ರತಿಕಾಯ ಹೊಸ ವೈರಸ್ಸಿಗೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸಲಾಗದೆ, ಬಿಳಿ ರಕ್ತಕಣದೊಳಗೆ ನುಗ್ಗಲು ದಾರಿ ಮಾಡಿಕೊಡುವುದೂ ಉಂಟು. ಎರಡನೇ ಸಲದ ಡೆಂಗಿಗೆ ವೈದ್ಯರು ಹೆಚ್ಚು ಹುಷಾರಾಗಿರುವುದು ಈ ಕಾರಣಕ್ಕೆ. ಚೀಟಿ ಏನೇ ಹೇಳಲಿ, ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಸುಸ್ತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ತಾಯಿಯಿಂದ ಬರುವ ಪಾಲು

ಬಸುರಿಯ ಮಾಸು ದಾಟಿ ಮಗುವಿಗೆ ಹೋಗುವುದು ಐಜಿಜಿ ಮಾತ್ರ. ಬಸುರಿಗೆ ಧನುರ್ವಾಯು ಲಸಿಕೆ ಹಾಕಿದರೆ ಹುಟ್ಟುವ ಕೂಸಿಗೂ ರಕ್ಷಣೆ ಸಿಗುವುದು ಹೀಗೆ. ಇದರಿಂದ ಒಂದು ಅಪಾಯವೂ ಇದೆ: ಆರ್‌ಎಚ್ ನೆಗೆಟಿವ್ ತಾಯಿಯಲ್ಲಿ ಹುಟ್ಟಿದ ಐಜಿಜಿ, ಮುಂದಿನ ಬಸುರಿನ ಪಾಸಿಟಿವ್ ಮಗುವಿನ ರಕ್ತಕಣಗಳನ್ನು ಒಡೆಯಬಲ್ಲದು. ಪಾಸಿಟಿವ್ ಮಗು ಹೆತ್ತ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಹಾಕುವುದು ಇದನ್ನು ತಡೆಯಲು.

ಹಸುವಿನ ಕಥೆ ಬೇರೆ. ಅದರ ಮಾಸು ಪ್ರತಿಕಾಯವನ್ನು ದಾಟಿಸುವುದಿಲ್ಲ. ಕರು ಹುಟ್ಟುವಾಗ ಬರಿಗೈ. ಅದಕ್ಕೆ ಸಿಗುವುದೆಲ್ಲ ಗಿಣ್ಣು ಹಾಲಿನ ಐಜಿಜಿ. ಅದನ್ನು ಹಾಗೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗಿರುವುದು ಮೊದಲ ಒಂದು ದಿನ, ಅದೂ ಗಂಟೆಗಂಟೆಗೆ ಕಡಿಮೆಯಾಗುತ್ತಾ. ಆದ್ದರಿಂದ ಕರು ಹಾಕಿದ ಒಂದೆರಡು ಗಂಟೆಯಲ್ಲೇ ಗಿಣ್ಣು ಕುಡಿಸಬೇಕು. ಸತ್ತೆ (ಮಾಸು) ಬೀಳಲೆಂದು ಕಾಯಬೇಕಿಲ್ಲ. ಮನೆಯವರ ಗಿಣ್ಣು ಆಮೇಲೆ.

ಬಾಣಂತಿಯ ಮೊದಲ ಹಳದಿ ಹಾಲಿನಲ್ಲಿ ತುಂಬಿರುವುದು ಐಜಿಎ. ಕರುಳು, ಮೂಗು, ಗಂಟಲು, ಕಣ್ಣೀರು, ಜೊಲ್ಲು, ಇವೆಲ್ಲ ಅದರ ಕಾವಲು ಜಾಗ. ಮಗುವಿನ ಕರುಳಿನ ಗೋಡೆಗೆ ರೋಗಾಣು ಅಂಟದಂತೆ ಅದು ತಡೆಯುತ್ತದೆ. ಆ ಹಾಲನ್ನು ಹಿಂಡಿ ಚೆಲ್ಲಬಾರದು.

ಅಲರ್ಜಿಯ ಐಜಿಇ

ಐಜಿಇ ರಕ್ತದಲ್ಲಿರುವುದು ತೀರಾ ಕಡಿಮೆ. ಮಾಸ್ಟ್ ಕಣಗಳ ಮೇಲೆ ಕೂತು, ಜಂತುಹುಳುವಿನ ವಿರುದ್ಧ ಹೋರಾಡುವುದು ಇದರ ಕೆಲಸ. ಪರಾಗ, ದೂಳಿನಂಥ ನಿರುಪದ್ರವಿಗಳ ಮೇಲೂ ಇದು ಎರಗಿದಾಗ ಸೀನು, ದದ್ದು, ಉಬ್ಬಸ. ಹಾಗೆಂದು ಹೊಲದಲ್ಲಿ ಆಗುವುದೆಲ್ಲ ಅಲರ್ಜಿಯಲ್ಲ. ಹಸಿ ಹೊಗೆಸೊಪ್ಪು ಮುರಿದವರಿಗೆ ಬರುವ ತಲೆಸುತ್ತು, ವಾಂತಿಗೆ ಐಜಿಇ ಕಾರಣವಲ್ಲ. ಒದ್ದೆ ಎಲೆಯಿಂದ ಚರ್ಮಕ್ಕೆ ಇಳಿಯುವ ನಿಕೋಟಿನ್. ಅದಕ್ಕೆ ಅಲರ್ಜಿ ಮಾತ್ರೆ ಪರಿಹಾರವಲ್ಲ, ಕೈಗವಸು, ಒಣ ಬಟ್ಟೆ ಬೇಕು.

ಇನ್ನು ಐಜಿಡಿ ಹೆಚ್ಚಾಗಿ ಇರುವುದು ಪ್ರತಿಕಾಯ ತಯಾರಿಸುವ ಬಿ ಕಣಗಳ ಮೈಮೇಲೆ. ರೋಗಾಣು ಎದುರಾದಾಗ ಆ ಕಣಗಳನ್ನು ಎಚ್ಚರಿಸುವುದರಲ್ಲಿ ಅದಕ್ಕೆ ಪಾತ್ರವಿದೆ.

ಎರವಲು ಪ್ರತಿಕಾಯ

ಸ್ವಂತ ಪ್ರತಿಕಾಯ ಹುಟ್ಟಲು ದಿನಗಳೇ ಬೇಕು. ವಿಷ ಅಷ್ಟು ಕಾಯುವುದಿಲ್ಲ. ಹಾವು ಕಚ್ಚಿದಾಗ ಕೊಡುವ ಮದ್ದು, ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ ಅದರ ರಕ್ತದಿಂದ ತೆಗೆದ ಐಜಿಜಿಯ ತುಂಡುಗಳು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಮದ್ದು. ಕಚ್ಚಿದ ಹಾವನ್ನು ಹುಡುಕಿ ಹೊಡೆದು ತರುವ ಅಗತ್ಯವಿಲ್ಲ.

ನಾಯಿ ಕಚ್ಚಿ ಆಳವಾಗಿ ಗಾಯವಾದರೆ ಎರಡು ಬಗೆಯ ಚುಚ್ಚುಮದ್ದು. ಗಾಯವನ್ನು 15 ನಿಮಿಷ ಸೋಪು, ನೀರಿನಲ್ಲಿ ತೊಳೆದ ಮೇಲೆ ಗಾಯದೊಳಕ್ಕೇ ಹಾಕುವ ಇಮ್ಯುನೊಗ್ಲೋಬ್ಯುಲಿನ್ ಎರವಲಿನದು, ಕೂಡಲೇ ಕೆಲಸ ಮಾಡುತ್ತದೆ. ಲಸಿಕೆ ನಿಮ್ಮದೇ ಪ್ರತಿಕಾಯ ಹುಟ್ಟಿಸುವುದು. ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಎರವಲು ಬಂದದ್ದು ದಿನ ಕಳೆದಂತೆ ಕರಗುತ್ತದೆ, ಮತ್ತೆ ಹುಟ್ಟುವುದಿಲ್ಲ. ‘ಗಾಯ ಒಣಗಿತಲ್ಲ’ ಎಂದು ಉಳಿದ ಡೋಸು ತಪ್ಪಿಸಿದರೆ, ಎರವಲೂ ಇಲ್ಲ, ಸ್ವಂತದ್ದೂ ಸಾಲದು. ಆದ್ದರಿಂದ ಆಸ್ಪತ್ರೆಯ ಕಾರ್ಡಿನಲ್ಲಿ ಬರೆದ ತಾರೀಕುಗಳಂದೇ ಹೋಗಿ ಕೊನೆಯ ಡೋಸಿನವರೆಗೂ ಹಾಕಿಸಿಕೊಳ್ಳಿ.