ನಮ್ಮೂರ ಡೇರಿ ಮತ್ತು ಅದರ ಬೆನ್ನಿಗಿರುವ ಒಕ್ಕೂಟ



ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ಸಂಘದ ಸಭೆಗೆ ನಾವು ಹೋಗಿದ್ದಾಗ ಒಬ್ಬ ಅಕ್ಕ ಕೇಳಿದರು: "ಸಿಸ್ಟರ್, ಡೇರಿ ಅಂದ್ರ ಸರ್ಕಾರದ್ದಲ್ಲೇನ್ರಿ? ನಾವು ಹಾಲು ಹಾಕ್ತೀವಿ, ಅವರು ರೊಕ್ಕ ಕೊಡ್ತಾರ. ಅಲ್ಲಿ ನಾವು ಕೇಳೋದೇನದ?" ಅಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಡೇರಿಗೆ ಹಾಲು ಹಾಕುವವರೇ. ಆದರೆ ತಮ್ಮ ಹೆಸರಲ್ಲಿ ಸದಸ್ಯತ್ವ ಇದ್ದವರು ಇಬ್ಬರೇ. ಮೇವು ತರುವವರು, ಸಗಣಿ ಬಳಿಯುವವರು, ಹಾಲು ಹಿಂಡುವವರು ಹೆಂಗಸರು. ಪಾಸ್ ಬುಕ್ ಮಾತ್ರ ಗಂಡಸರ ಹೆಸರಲ್ಲಿ. ಅದಕ್ಕೇ ಈ ವಿಷಯ ಬರೆಯುತ್ತಿದ್ದೇವೆ.

ಡೇರಿ ಯಾರದು?

ಹಾಲು ಉತ್ಪಾದಕರ ಸಹಕಾರ ಸಂಘ ಸರ್ಕಾರದ್ದಲ್ಲ. ಷೇರು ಹಣ ಕಟ್ಟಿ ಸದಸ್ಯರಾದವರದು. ಒಂದು ಆಕಳಿದ್ದವರಿಗೂ ಹತ್ತು ಎಮ್ಮೆ ಇದ್ದವರಿಗೂ ಒಂದೇ ಮತ. ಈ ದಾರಿ ನಮ್ಮ ನಾಡಿಗೆ ಹೊಸದೂ ಅಲ್ಲ. 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಪತ್ತಿನ ಸಹಕಾರ ಸಂಘ ಕಟ್ಟಿದರು.

ಒಂಟಿ ಸಂಘದಿಂದ ಆಗದ್ದು

ಒಂದು ಲೆಕ್ಕ ಹಾಕೋಣ. ಊರಲ್ಲಿ 50 ಮನೆಯವರು ದಿನಕ್ಕೆ 4 ಲೀಟರಿನಂತೆ ಹಾಲು ಹಾಕಿದರೆ 200 ಲೀಟರ್ ಆಯಿತು. ನಮ್ಮ ಕಡೆ ಬಿಸಿಲು ಗೊತ್ತೇ ಇದೆ. ಕೆಲವೇ ತಾಸಿನಲ್ಲಿ ಹಾಲು ಒಡೆಯುತ್ತದೆ. 200 ಲೀಟರಿಗಾಗಿ ಒಂದು ಊರಿನ ಸಂಘ ಟ್ಯಾಂಕರ್ ಕೊಳ್ಳಲಾರದು, ದನದ ಡಾಕ್ಟರನ್ನು ಇಟ್ಟುಕೊಳ್ಳಲಾರದು, ಪಟ್ಟಣದಲ್ಲಿ ಅಂಗಡಿ ತೆರೆಯಲಾರದು. ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು. "ಇಷ್ಟಕ್ಕ ಕೊಡ್ರಿ, ಇಲ್ಲಾಂದ್ರ ಬಿಡ್ರಿ" ಅಂದರೆ ಕೊಡಲೇಬೇಕು.

ಗುಜರಾತಿನ ಖೇಡಾ ಜಿಲ್ಲೆಯ ರೈತರು ಇದೇ ಕಷ್ಟ ಅನುಭವಿಸಿ 1946ರಲ್ಲಿ ಊರೂರಿನ ಸಂಘಗಳನ್ನು ಸೇರಿಸಿ ಒಕ್ಕೂಟ ಮಾಡಿಕೊಂಡರು. ಅದೇ ಮುಂದೆ ಅಮೂಲ್ ಆಯಿತು. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹೈನು ಅಭಿವೃದ್ಧಿ ಕೆಲಸ ಶುರುವಾಯಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. 'ನಂದಿನಿ' ಇವರದೇ. ಹೀಗೆ ಮೂರು ಮೆಟ್ಟಿಲು: ಊರಲ್ಲಿ ಸಂಘ, ಅದರ ಮೇಲೆ ಪ್ರಾದೇಶಿಕ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ. ರಾಯಚೂರು, ಬಳ್ಳಾರಿ, ಕೊಪ್ಪಳ ಕಡೆಯ ಸಂಘಗಳು ಸೇರಿ ಕಟ್ಟಿದ ಒಕ್ಕೂಟದ ಮುಖ್ಯ ಕಚೇರಿ ಬಳ್ಳಾರಿಯಲ್ಲಿದೆ.

ಒಕ್ಕೂಟ ಏನು ಮಾಡುತ್ತದೆ?

1. ಸಂಘಗಳ ಹಾಲನ್ನು ಒಟ್ಟುಗೂಡಿಸಿ, ತಂಪು ಮಾಡಿ, ಪ್ಯಾಕೆಟ್ ಮಾಡಿ ಮಾರುತ್ತದೆ. ಹೆಚ್ಚಾದ ಹಾಲನ್ನು ಪುಡಿ, ಬೆಣ್ಣೆ, ತುಪ್ಪ ಮಾಡುವ ವ್ಯವಸ್ಥೆ ಇದೆ.

2. ಕೃತಕ ಗರ್ಭಧಾರಣೆ, ದನಗಳ ಚಿಕಿತ್ಸೆ, ಕಾಲುಬಾಯಿ ರೋಗದ ಲಸಿಕೆಗೆ ನೆರವಾಗುತ್ತದೆ.

3. ಪಶು ಆಹಾರ, ಖನಿಜ ಮಿಶ್ರಣ, ಮೇವಿನ ಬೀಜ ಒದಗಿಸುತ್ತದೆ.

4. ಕಾರ್ಯದರ್ಶಿಗೆ ಲೆಕ್ಕಪತ್ರ ಮತ್ತು ಹಾಲು ಪರೀಕ್ಷೆಯ ತರಬೇತಿ ಕೊಡುತ್ತದೆ. ಮೇಲ್ವಿಚಾರಕರು ಬಂದು ನೋಡುತ್ತಾರೆ.

ಇದೆಲ್ಲಾ ಪುಕ್ಕಟೆ ಅಲ್ಲ. ಮಾರಿದ ಹಣದಲ್ಲಿ ಸಾಗಣೆ, ಯಂತ್ರ, ಸಂಬಳದ ಖರ್ಚು ತೆಗೆದೇ ನಮಗೆ ಬೆಲೆ ಕಟ್ಟುತ್ತಾರೆ. ಆದ್ದರಿಂದ ಆ ಖರ್ಚು ಎಷ್ಟು, ಯಾಕೆ ಎಂದು ಕೇಳುವ ಹಕ್ಕೂ ನಮಗಿದೆ.

ಬೆಳೆಸಾಲಕ್ಕೂ ಇದೇ ಏರ್ಪಾಟು. ಊರಿನ ವ್ಯವಸಾಯ ಸೇವಾ ಸಹಕಾರ ಸಂಘದ ಹಿಂದೆ ರಾಯಚೂರಿನ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕ್, ಅದರ ಹಿಂದೆ ಬೆಂಗಳೂರಿನ ಅಪೆಕ್ಸ್ ಬ್ಯಾಂಕ್. ಸ್ವಸಹಾಯ ಸಂಘಗಳು ಒಕ್ಕೂಟ ಮಾಡಿಕೊಳ್ಳುವುದೂ ಇದೇ ಕಾರಣಕ್ಕೆ.

ಬೇರು ಒಣಗಿದರೆ?

ಬೇಸಿಗೆಯಲ್ಲಿ ಹಾಲು ಕಡಿಮೆ. ಆಗ ವ್ಯಾಪಾರಿ ಲೀಟರಿಗೆ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ ಅನ್ನುತ್ತಾನೆ. ಎಲ್ಲರೂ ಅತ್ತ ಹೋದರೆ ಡೇರಿಯ ಕ್ಯಾನ್ ತುಂಬುವುದಿಲ್ಲ, ಹಾಲಿನ ಗಾಡಿ ಆ ಊರಿಗೆ ಬರುವುದು ದುಬಾರಿಯಾಗುತ್ತದೆ, ಕೊನೆಗೆ ಸಂಘ ಮುಚ್ಚುತ್ತದೆ. ಮಳೆ ಬಿದ್ದು ಹಸಿ ಮೇವು ಬಂದು ಹಾಲು ಹೆಚ್ಚಾದಾಗ ಅದೇ ವ್ಯಾಪಾರಿ ದರ ಇಳಿಸುತ್ತಾನೆ. ಆಗ ಹೋಗಲು ಬೇರೆ ಬಾಗಿಲಿರುವುದಿಲ್ಲ.

ಇನ್ನೊಂದು ಮಾತು. ಒಕ್ಕೂಟದ ನಿರ್ದೇಶಕರ ಆಯ್ಕೆಗೆ ಮತ ಹಾಕುವವರು ಊರಿನ ಸಂಘಗಳ ಪ್ರತಿನಿಧಿಗಳು. ಆ ಸಂಘಗಳ ಆಡಳಿತ ಮಂಡಳಿಯನ್ನು ಆರಿಸುವವರು ಸದಸ್ಯರು. ನಮ್ಮ ಹೆಸರು ಸದಸ್ಯರ ಪಟ್ಟಿಯಲ್ಲಿ ಇಲ್ಲದಿದ್ದರೆ ಮೇಲಿನ ತನಕ ಎಲ್ಲೂ ನಮ್ಮ ಮಾತಿಲ್ಲ.

ನಾವು ಮಾಡಬೇಕಾದ್ದು

• ಹಾಲು ಹಾಕುವವರ ಹೆಸರಲ್ಲೇ ಸದಸ್ಯತ್ವ ಮಾಡಿಸೋಣ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನ ಇದೆ, ಮರೆಯಬಾರದು.

• 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಸರ್ಕಾರದ ಪ್ರೋತ್ಸಾಹಧನ ಆಮೇಲೆ 5 ರೂಪಾಯಿ ಆಯಿತು. ಅದು ಬ್ಯಾಂಕ್ ಖಾತೆಗೆ ಬರುತ್ತದೆ. ಯಾರ ಖಾತೆಗೆ ಎಂದು ಮನೆಯಲ್ಲಿ ವಿಚಾರಿಸೋಣ.

• ಹಾಲಿನ ಅಳತೆ, ಜಿಡ್ಡು, ಬೆಲೆ ಬರೆದ ಚೀಟಿ ಕೇಳಿ ಇಟ್ಟುಕೊಳ್ಳೋಣ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸೋಣ.

• ಸೆಪ್ಟೆಂಬರ್ ಒಳಗೆ ನಡೆಯುವ ವಾರ್ಷಿಕ ಮಹಾಸಭೆಗೆ ಹೋಗೋಣ. ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದವರೆಲ್ಲಾ ಕೂಡಿ ಹೋಗೋಣ.

ಮುಂದಿನ ವಾರದ ಸಭೆಯಲ್ಲಿ ಈ ಮೂರು ಪ್ರಶ್ನೆ ಚರ್ಚಿಸಿರಿ: ನಮ್ಮಲ್ಲಿ ಎಷ್ಟು ಮಂದಿ ಡೇರಿ ಸದಸ್ಯರು? ಕಳೆದ ಮಹಾಸಭೆಗೆ ಹೋದವರು ಎಷ್ಟು? ಅಲ್ಲಿ ಓದಿದ ಲೆಕ್ಕದಲ್ಲಿ ಲಾಭ ಎಷ್ಟಿತ್ತು, ಬೋನಸ್ ಎಷ್ಟು ಹಂಚಿದರು? ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ಮರುದಿನ ಹಾಲು ಹಾಕಲು ಹೋದಾಗ ಕಾರ್ಯದರ್ಶಿಯನ್ನು ಕೇಳಿರಿ. ಆ ಅಕ್ಕನ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರು.